ನಮ್ಮ ನಡುಮನೆಗೆ ಪ್ಯಾಸಿವ್ ಸೌಂಡ್‌ಬಾರ್ ಮತ್ತು ಸಬ್‌ವೂಫರ್ ಆರಿಸಿಕೊಂಡ ಬಗೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟಿವಿಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವರು ಅಪ್ಪಯ್ಯ. ಶಿರಸಿಯ ಕಡೆಯವರಾದ ಅವರಿಗೆ ಸಿನಿಮಾಕ್ಕಿಂತ ತಾಳಮದ್ದಳೆಯ ಧ್ವನಿಮುದ್ರಣಗಳೇ ಹೆಚ್ಚು ಪ್ರಿಯ. ವಯಸ್ಸಿನಿಂದ ಕಿವಿ ತುಸು ಮಂದವಾಗಿರುವುದರಿಂದ ಟಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ಅರ್ಥಧಾರಿಗಳ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಮೊದಲು ತಂದಿದ್ದ ಸಾಮಾನ್ಯ ಸೌಂಡ್‌ಬಾರ್ ವಾರಂಟಿ ಮುಗಿದ ಮೇಲೆ ಒಂದು ದಿನ ಮೂಕವಾಯಿತು. ಒಳಗಿನ ಬೋರ್ಡು ಸಿಗುವುದಿಲ್ಲವೆಂದು ಸರ್ವಿಸ್ ಸೆಂಟರಿನವರು ಕೈಚೆಲ್ಲಿದರು. ಅದರೊಳಗಿದ್ದ ಸ್ಪೀಕರ್‌ಗಳಿಗೆ ಏನೂ ಆಗಿರಲಿಲ್ಲ, ಆದರೂ ಇಡೀ ಪೆಟ್ಟಿಗೆ ಗುಜರಿಗೆ ಹೋಯಿತು. ಮುಂದಿನದನ್ನು ಕೊಳ್ಳುವಾಗ ಸ್ಪೀಕರೇ ಬೇರೆ, ಎಲೆಕ್ಟ್ರಾನಿಕ್ಸೇ ಬೇರೆ ಇರಬೇಕೆಂದು ನಾನು ನಿಶ್ಚಯಿಸಿದ್ದು ಆಗಲೇ.

ಹಾಗೆ ಬೇರೆ ಬೇರೆ ಇಡುವ ಸಾಂಪ್ರದಾಯಿಕ ಕ್ರಮವೆಂದರೆ ಟಿವಿಯ ಎಡಬಲಕ್ಕೆ ಎರಡು ಸ್ಪೀಕರ್, ಕೆಳಗೊಂದು ಸೆಂಟರ್ ಸ್ಪೀಕರ್, ಜೊತೆಗೆ ಟಿವಿಯ ಧ್ವನಿಯನ್ನು ಪಡೆದು ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಎವಿ ರಿಸೀವರ್. ಇದಕ್ಕೆ ಹೆಂಡತಿಯ ಆಕ್ಷೇಪವಿತ್ತು. "ಟಿವಿ ಆಚೀಚೆ ಕಂಬ ನಿಲ್ಲಿಸೋದು ಬೇಡ ರೀ, ಮಗು ಓಡಾಡೋ ಜಾಗ ಅದು" ಎಂದಳು. ಆಕ್ಷೇಪ ನ್ಯಾಯವಾದದ್ದೇ. ಟಿವಿಯ ಒಂದು ಬದಿಗೆ ಬಾಲ್ಕನಿಯ ಬಾಗಿಲು, ಇನ್ನೊಂದು ಬದಿಗೆ ಅಡುಗೆಮನೆಗೆ ಹೋಗುವ ದಾರಿ. ಕಂಬಗಳು ನಿಂತಿದ್ದರೆ ದಿನಕ್ಕೊಮ್ಮೆಯಾದರೂ ಯಾರಾದರೂ ಎಡವುತ್ತಿದ್ದರು. ಪ್ಯಾಸಿವ್ ಸೌಂಡ್‌ಬಾರ್ ನನ್ನ ಲೆಕ್ಕಕ್ಕೆ ಬಂದದ್ದು ಹೀಗೆ. ಅದರಲ್ಲಿ ಆಂಪ್ಲಿಫೈಯರ್ ಇರುವುದಿಲ್ಲ, ಕರೆಂಟಿನ ವೈರೂ ಇರುವುದಿಲ್ಲ. ಒಂದೇ ಉದ್ದನೆಯ ಪೆಟ್ಟಿಗೆಯೊಳಗೆ ಎಡ, ನಡು, ಬಲದ ಮೂರು ಸ್ಪೀಕರ್‌ಗಳನ್ನು ಬೇರೆ ಬೇರೆ ಗೂಡುಗಳಲ್ಲಿ ಕೂರಿಸಿ, ಹಿಂಬದಿಯಲ್ಲಿ ಮೂರು ಜೊತೆ ಟರ್ಮಿನಲ್ ಕೊಟ್ಟಿರುತ್ತಾರೆ. ರಿಸೀವರಿನಿಂದ ಆರು ಎಳೆ ವೈರು ಅಲ್ಲಿಗೆ ಬರಬೇಕು. ಟಿವಿಯಿಂದ ಧ್ವನಿಯನ್ನು ಹೊರತರುವ ವಿಧಾನ ಕಾಲಕಾಲಕ್ಕೆ ಬದಲಾಗುತ್ತಲೇ ಇರುತ್ತದೆ: 2009ರ ಎಚ್‌ಡಿಎಂಐ 1.4ರಲ್ಲಿ, ಅದೇ ಕೇಬಲ್ಲಿನಲ್ಲಿ ಟಿವಿಯ ಧ್ವನಿಯನ್ನು ರಿಸೀವರಿಗೆ ಹಿಂದಕ್ಕೆ ಕಳಿಸುವ ಎಆರ್‌ಸಿ ಬಂತು, 2017ರ ಎಚ್‌ಡಿಎಂಐ 2.1ರಲ್ಲಿ ಅದರ ಸುಧಾರಿತ ರೂಪವಾದ ಇ-ಎಆರ್‌ಸಿ ಬಂತು. ನಾಳೆ ಇನ್ನೊಂದು ಬಂದರೆ ರಿಸೀವರ್ ಬದಲಾಯಿಸಿದರೆ ಸಾಕು, ಗೋಡೆಯ ಮೇಲಿನ ಬಾರ್ ಅಲ್ಲೇ ಉಳಿಯುತ್ತದೆ.

ಈ ಬಗೆಯ ಬಾರ್‌ಗಳು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲವೆಂಬುದು ವಿಚಾರಿಸಲು ಹೊರಟ ಮೇಲೆ ತಿಳಿಯಿತು. ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಪ್ಯಾಸಿವ್ ಎಂಬ ಮಾತಿಗೇ ಮಾರಾಟದ ಹುಡುಗರು ಮುಖ ನೋಡುತ್ತಾರೆ. ಒಬ್ಬಾತನಂತೂ "ಇದರಲ್ಲಿ ವೈರ್‌ಲೆಸ್ ಇದೆ ಸಾರ್, ನಿಮಗ್ಯಾಕೆ ಆ ಹಳೇದು?" ಎಂದು ಕನಿಕರದಿಂದ ಕೇಳಿದ. ಹೋಮ್ ಥಿಯೇಟರ್ ಕೋಣೆಗಳನ್ನೇ ಕಟ್ಟಿಕೊಡುವ ಡೀಲರ್‌ಗಳ ಬಳಿ ಮಾತ್ರ ಡೆಮೊ ಸಿಗುತ್ತದೆ, ಅಲ್ಲಿಯೂ ಎರಡು ಮೂರು ಮಾದರಿಗಳಿಗಿಂತ ಹೆಚ್ಚಿರುವುದಿಲ್ಲ. ಮಾನಿಟರ್ ಆಡಿಯೋ, ಡೆಫಿನಿಟಿವ್ ಟೆಕ್ನಾಲಜಿ, ಗೋಲ್ಡನ್‌ಇಯರ್‌ನಂಥ ಕಂಪನಿಗಳು ಪ್ಯಾಸಿವ್ ಬಾರ್‌ಗಳನ್ನು ಮಾಡಿವೆ. ಆದರೆ ಓದಿ ಪಟ್ಟಿ ಮಾಡುವುದು ಒಂದು, ನಮ್ಮೂರಿನಲ್ಲಿ ಕೂತು ಕೇಳಲು ಸಿಗುವುದು ಇನ್ನೊಂದು. ಕೇಳದೆ ಕೊಳ್ಳುವುದಿಲ್ಲವೆಂದು ನಿರ್ಧರಿಸಿದ್ದರಿಂದ ಕೊನೆಗೆ ನನ್ನ ಮುಂದೆ ಉಳಿದದ್ದು ಎರಡು ಬಾರ್‌ಗಳು. ಒಂದು ಟಿವಿಯಷ್ಟೇ ತೆಳು, ಮೂರು ಇಂಚಿನ ವೂಫರ್‌ಗಳದ್ದು (ತಗ್ಗು ಸ್ವರಗಳನ್ನು ನುಡಿಸುವ ಸ್ಪೀಕರೇ ವೂಫರ್). ಇನ್ನೊಂದು ಗೋಡೆಯಿಂದ ಐದಾರು ಇಂಚು ಮುಂದೆ ಚಾಚುವ, ನಾಲ್ಕು ಇಂಚಿಗಿಂತ ದೊಡ್ಡ ವೂಫರ್‌ಗಳ ದಪ್ಪ ಪೆಟ್ಟಿಗೆ. ನೋಟದಲ್ಲಿ ಮೊದಲನೆಯದಕ್ಕೇ ಹೆಂಡತಿಯ ಮತ. ನಾನೂ ಅದರ ಕಡೆಗೇ ವಾಲಿದ್ದೆ.

ಡೀಲರ್‌ಗಳ ಡೆಮೊ ಕೋಣೆಯಲ್ಲಿ ಏನನ್ನು ಕೇಳಬೇಕೆಂಬ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ಯಾವಾಗಲೂ ಸಬ್‌ವೂಫರ್, ಅಂದರೆ ತೀರಾ ತಗ್ಗಿನ ಬೇಸ್ ಶಬ್ದಕ್ಕೆಂದೇ ಇರುವ ಪೆಟ್ಟಿಗೆ, ಭರ್ಜರಿಯಾಗಿ ಮೊಳಗುತ್ತಿರುತ್ತದೆ, ತೋರಿಸುವ ದೃಶ್ಯವೂ ಸ್ಫೋಟದ್ದೋ ವಿಮಾನದ್ದೋ ಆಗಿರುತ್ತದೆ. ಹತ್ತು ನಿಮಿಷ ಅದನ್ನು ಕೇಳಿದರೆ ಸಬ್‌ವೂಫರ್ ಹೇಗಿದೆಯೆಂದು ಗೊತ್ತಾಗಬಹುದು, ಬಾರ್ ಹೇಗಿದೆಯೆಂದು ಗೊತ್ತಾಗುವುದಿಲ್ಲ. ನಾನು ಸಬ್ ಆಫ್ ಮಾಡಿಸಿ, ಫೋನಿನಲ್ಲಿ ಕೊಂಡೊಯ್ದಿದ್ದ ತಾಳಮದ್ದಳೆಯ ಒಂದು ತುಣುಕನ್ನು ಹಾಕಿಸಿದೆ. ತಾಳಮದ್ದಳೆ ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ವೇಷವಿಲ್ಲ, ಕುಣಿತವಿಲ್ಲ; ತುಂಬು ಕಂಠದ ಗಂಡಸರು ಗಂಟೆಗಟ್ಟಲೆ ಮಾತನಾಡುತ್ತಾರೆ, ನಡುವೆ ಭಾಗವತರ ಪದ, ಗಟ್ಟಿಯಾದ ಚಂಡೆ, ಕೆಳಗಿನಿಂದ ಮದ್ದಳೆಯ ಆಧಾರ. ಮಾತಿನಲ್ಲಿ ಸಕಾರ ಶಕಾರಗಳು ಬೇರೆಯಾಗಿ ಕೇಳಬೇಕು, ಚಂಡೆ ಕಿವಿ ಕೊರೆಯಬಾರದು. ಆಮೇಲೆ ರಿಸೀವರಿನೊಳಗಿನ ಪರೀಕ್ಷಾ ಶಬ್ದವನ್ನು ಎಡ, ನಡು, ಬಲಕ್ಕೆ ಒಂದೊಂದಾಗಿ ಕಳಿಸಿ ಮೂರರ ಬಣ್ಣವೂ ಒಂದೇ ಆಗಿದೆಯೇ ಎಂದು ನೋಡಿದೆ. ಕೊನೆಯದಾಗಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂತೆ. ಎರಡು ವೂಫರ್‌ಗಳ ನಡುವೆ ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಇರುವ ಅಡ್ಡ ಜೋಡಣೆಯಲ್ಲಿ, ಓರೆಯಲ್ಲಿ ಕೂತವರಿಗೆ ಆ ಎರಡು ವೂಫರ್‌ಗಳ ದೂರ ಬೇರೆಬೇರೆಯಾಗಿ ಕೆಲವು ಆವರ್ತನಗಳು ಪರಸ್ಪರ ಅಳಿಸಿಹೋಗುತ್ತವೆ, ಮಾತು ಟೊಳ್ಳಾಗುತ್ತದೆ. ಅಪ್ಪಯ್ಯನ ಆರಾಮ ಕುರ್ಚಿ ಇರುವುದೇ ಪಕ್ಕದ ಗೋಡೆಗೆ ಒತ್ತಿಕೊಂಡು, ಆದ್ದರಿಂದ ನನಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಎರಡೂ ಬಾರ್‌ಗಳು ಈ ಪರೀಕ್ಷೆಯಲ್ಲಿ ಪರವಾಗಿಲ್ಲವೆನಿಸಿದವು. ಮುಂಗಡ ಹಣ ಇರಿಸಿಕೊಂಡು ಡೀಲರ್ ಎರಡನ್ನೂ ಒಂದು ವಾರಾಂತ್ಯಕ್ಕೆ ಮನೆಗೆ ಕಳಿಸಿಕೊಟ್ಟರು.

ಬಾಕ್ಸಿನ ಮೇಲಿನ ವ್ಯಾಟ್ ಅಂಕಿಯನ್ನು ನಾನು ಬಹುಮಟ್ಟಿಗೆ ನಿರ್ಲಕ್ಷಿಸಿದೆ. ಪಿಎಂಪಿಒ ಎಂಬ ಹೆಸರಿನಲ್ಲಿ ಟೇಪ್‌ರೆಕಾರ್ಡರುಗಳ ಮೇಲೆ ಸಾವಿರಾರು ವ್ಯಾಟ್ ಅಚ್ಚಾಗುತ್ತಿದ್ದ ಕಾಲವನ್ನು ಕಂಡವರಿಗೆ ಈ ನಿರ್ಲಕ್ಷ್ಯ ಸಹಜವಾಗಿಯೇ ಬರುತ್ತದೆ. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. 87 ಡೆಸಿಬಲ್ಲಿನ ಬಾರ್, ನಮ್ಮ ಸೋಫಾ ಇರುವ 3.2 ಮೀಟರಿನಲ್ಲಿ ಸುಮಾರು 77 ಕೊಡುತ್ತದೆ. ವ್ಯಾಟ್ ದ್ವಿಗುಣವಾದಾಗಲೆಲ್ಲ ಮೂರು ಡೆಸಿಬಲ್ ಏರುವುದರಿಂದ 16 ವ್ಯಾಟಿಗೆ 89, 64 ವ್ಯಾಟಿಗೆ 95. ಸಾಮಾನ್ಯ ಮಾತುಕತೆ 60ರ ಆಸುಪಾಸಿನಲ್ಲಿರುವಾಗ ಅಪಾರ್ಟ್‌ಮೆಂಟಿನಲ್ಲಿ ಇದಕ್ಕಿಂತ ಹೆಚ್ಚು ಯಾರಿಗೆ ಬೇಕು? ಚಾನೆಲ್ಲಿಗೆ 80 ವ್ಯಾಟಿನ, ಕೆಳದರ್ಜೆಯ ಐದು ಚಾನೆಲ್ ರಿಸೀವರೇ ಸಾಕಾಯಿತು. ಆ 80 ಕೂಡ ಸಾಮಾನ್ಯವಾಗಿ ಎರಡೇ ಚಾನೆಲ್ ದುಡಿಯುವಾಗಿನ ಅಳತೆ. ಮೂರು ಒಟ್ಟಿಗೆ ದುಡಿದರೆ ಸ್ವಲ್ಪ ಇಳಿಯುತ್ತದೆ, ಆದರೂ ಕೊರತೆಯಿಲ್ಲ. ಬಾರಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಎಷ್ಟು ಓಮ್ ಎಂಬುದನ್ನು ಮಾತ್ರ ರಿಸೀವರಿನ ಕೈಪಿಡಿಯೊಡನೆ ತಾಳೆ ನೋಡಿದೆ, ಮತ್ತು ರಿಸೀವರ್ ಉಸಿರಾಡಲೆಂದು ಟಿವಿ ಯೂನಿಟ್ಟಿನ ಹಿಂಬದಿಯ ಹಲಗೆಯನ್ನು ಬಡಗಿಯಿಂದ ಕತ್ತರಿಸಿಸಿದೆ.

ನಿಜವಾದ ಆಯ್ಕೆ ನಡೆದದ್ದು ಬಾರ್ ಮತ್ತು ಸಬ್‌ವೂಫರ್ ಸೇರುವ ಜಾಗದಲ್ಲಿ. ತೆಳು ಬಾರಿನ ಕೈಪಿಡಿಯಲ್ಲಿ 80 ಹರ್ಟ್ಸಿನಿಂದ ಎಂದು ಬರೆದಿತ್ತು, ಆದರೆ ಎಷ್ಟು ಡೆಸಿಬಲ್ ಏರಿಳಿತದೊಳಗೆ ಎಂಬ ಮಾತಿರಲಿಲ್ಲ. ಹಾಗೆ ಬರೆದ ಅಂಕಿಗೆ ಬೆಲೆಯಿಲ್ಲ. ರಿಸೀವರಿನ ಮೈಕನ್ನು ಸೋಫಾದಲ್ಲಿಟ್ಟು ಅಳೆಸಿದಾಗ ಅದು ತಾನಾಗಿಯೇ ಕ್ರಾಸೋವರನ್ನು 150 ಹರ್ಟ್ಸಿಗೆ ಇಟ್ಟಿತು. ಅಂದರೆ 150ಕ್ಕಿಂತ ಕೆಳಗಿನದೆಲ್ಲ ಸಬ್‌ವೂಫರಿನ ಪಾಲು. ಗಂಡಸಿನ ಮಾತಿನ ಮೂಲ ಆವರ್ತನ ಸುಮಾರು 85ರಿಂದ 155 ಹರ್ಟ್ಸಿನೊಳಗೆ ಬರುತ್ತದೆ. ಹಾಗಾಗಿ ಕಂಠದ ತುಂಬುತನವೆಲ್ಲ ಮೂಲೆಯಲ್ಲಿದ್ದ ಹಳೆಯ ಸೆಟ್ಟಿನ ಸಬ್‌ವೂಫರಿನಿಂದಲೂ, ಉಚ್ಚಾರಣೆಯೆಲ್ಲ ಗೋಡೆಯ ಮೇಲಿನ ಬಾರಿನಿಂದಲೂ ಬರತೊಡಗಿತು. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ಶಬ್ದ ಎಲ್ಲಿಂದ ಬರುತ್ತಿದೆಯೆಂದು ಕಿವಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಸಿನಿಮಾ ಧ್ವನಿಯ ಗುಣಮಟ್ಟಕ್ಕೆಂದು ರೂಪಿಸಿದ ಟಿಎಚ್‌ಎಕ್ಸ್ ಪದ್ಧತಿಯಲ್ಲಿ ಕ್ರಾಸೋವರ್ 80ಕ್ಕೆ ಇದೆ. ಅದಕ್ಕಿಂತ ಮೇಲೆ ಹೋದಂತೆ ದಿಕ್ಕು ಗೊತ್ತಾಗುತ್ತ ಹೋಗುತ್ತದೆ. ಕ್ರಾಸೋವರ್ ಎನ್ನುವುದು ಗೋಡೆಯಲ್ಲ, ಇಳಿಜಾರು. 150ಕ್ಕೆ ಇಟ್ಟಾಗ 200ರಲ್ಲಿಯೂ ಸಬ್ ಸ್ವಲ್ಪ ಮಾತನಾಡುತ್ತಲೇ ಇರುತ್ತದೆ. ಇದ್ಯಾವುದನ್ನೂ ನಾನು ಅಪ್ಪಯ್ಯನಿಗೆ ಹೇಳಿರಲಿಲ್ಲ. ತಾಳಮದ್ದಳೆ ಹಾಕಿ ಕೂರಿಸಿದ ಸ್ವಲ್ಪ ಹೊತ್ತಿಗೆ ಅವರೇ ಬಾಲ್ಕನಿಯ ಮೂಲೆಯತ್ತ ತಿರುಗಿ, "ಅರ್ಥ ಹೇಳುವವ ಆ ಮೂಲೆಯಲ್ಲಿ ಕೂತಿದ್ದಾನೇನೋ?" ಎಂದರು.

ತೆಳು ಬಾರಿನ ಕಥೆ ಅಲ್ಲಿಗೆ ಮುಗಿಯಿತು. ಕ್ರಾಸೋವರನ್ನು ಒತ್ತಾಯದಿಂದ 100ಕ್ಕೆ ಇಳಿಸಿದಾಗ ಮಾತು ಗೋಡೆಗೆ ಮರಳಿತೇನೋ ಹೌದು, ಆದರೆ ಮೂರಿಂಚಿನ ವೂಫರ್‌ಗಳಿಗೆ ಆ ಹೊರೆ ತಡೆಯಲಿಲ್ಲ, ಧ್ವನಿ ಏರಿಸಿದಾಗ ಒದರತೊಡಗಿದವು. ದಪ್ಪ ಬಾರಿಗೆ ರಿಸೀವರ್ ತಾನಾಗಿಯೇ 100 ಆರಿಸಿತು, ಮಾತು ಟಿವಿಯ ಕೆಳಗೇ ನಿಂತಿತು. "ನೋಡೋಕೆ ಹಲಗೆ ಹಾಗಿದೆ, ಇರಲಿ ಬಿಡಿ, ಮಾವನಿಗೆ ಕೇಳ್ಸುತ್ತಲ್ಲ" ಎಂದು ಹೆಂಡತಿ ಒಪ್ಪಿಗೆ ಕೊಟ್ಟಳು. ಯಾರಾದರೂ ನನ್ನನ್ನು ಕೇಳಿದರೆ ಈಗ ಹೇಳುವುದು ಇಷ್ಟೇ: ಬಾರ್ ಒಂದು, ಸಬ್‌ವೂಫರ್ ಇನ್ನೊಂದು ಎಂದು ಬೇರೆಬೇರೆಯಾಗಿ ಆರಿಸಲು ಹೋಗಬೇಡಿ, ಬಾರ್ ಎಷ್ಟು ಕೆಳಗಿನವರೆಗೆ ಸಲೀಸಾಗಿ ಇಳಿಯುತ್ತದೆಂಬುದು ಗೊತ್ತಾಗದೆ ಸಬ್ಬಿನ ಗಾತ್ರವನ್ನಾಗಲಿ ಜಾಗವನ್ನಾಗಲಿ ತೀರ್ಮಾನಿಸಲು ಬರುವುದಿಲ್ಲ.

ಸಬ್‌ವೂಫರ್ ಹುಡುಕಾಟದಲ್ಲಿ ಮೊದಲು ಎದುರಾದದ್ದು ಪ್ಯಾಸಿವ್ ಸಬ್ಬಿನ ಪ್ರಶ್ನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ವೈರು, ಸಾಕೆಟ್ಟು ಕೊಳ್ಳಲು ಹೋದಾಗ, ಹನ್ನೆರಡು ಇಂಚಿನ ವೂಫರ್ ಕೂರಿಸಿದ ಖಾಲಿ ಪೆಟ್ಟಿಗೆಯನ್ನು, ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸಬ್ಬಿನ ಬೆಲೆಯ ಒಂದಂಶಕ್ಕೆ ಕೊಡಲು ಒಬ್ಬರು ಸಿದ್ಧರಿದ್ದರು. ಬಾರ್ ಪ್ಯಾಸಿವ್ ಇರಲಿ ಎಂದವನು ಸಬ್ ಯಾಕೆ ಬೇಡವೆನ್ನಬೇಕು ಎಂಬ ಯೋಚನೆ ನನಗೂ ಬಂತು. ಅಡಚಣೆಯೆಂದರೆ, ರಿಸೀವರಿನ ಹಿಂದೆ ಸಬ್‌ವೂಫರಿಗೆಂದು ಇರುವ ಪಿನ್ನಿನಿಂದ ಬರುವುದು ಸಣ್ಣ ಸಿಗ್ನಲ್ ಮಾತ್ರ, ಅದು ವೂಫರನ್ನು ಅಲುಗಾಡಿಸಲಾರದು. ನಡುವೆ ಇನ್ನೊಂದು ಆಂಪ್ಲಿಫೈಯರ್ ಬೇಕೇಬೇಕು. ಟಿಡಿಎ 7294 ಐಸಿಯ ಬೋರ್ಡಿನಲ್ಲಿ ಅಸೆಂಬಲ್ ಮಾಡಿಕೊಡುವವರು ಅದೇ ರಸ್ತೆಯಲ್ಲಿದ್ದಾರೆ, ಕೆಲಸವೂ ಕೆಟ್ಟದಿರುವುದಿಲ್ಲ. ಆದರೆ ಕಂಪನಿಯ ಆ್ಯಕ್ಟಿವ್ ಸಬ್ಬಿನಲ್ಲಿ ಆಂಪ್ಲಿಫೈಯರನ್ನು ಅದೇ ವೂಫರಿಗೆ, ಅದೇ ಪೆಟ್ಟಿಗೆಗೆ ಹೊಂದಿಸಿ, ತೀರಾ ಕೆಳಗಿನ ಆವರ್ತನಗಳಲ್ಲಿ ಕೋನ್ ಮಿತಿಮೀರಿ ಚಲಿಸದಂತೆ ತಡೆಯನ್ನೂ ಇಟ್ಟಿರುತ್ತಾರೆ. ನಾನು ಆ್ಯಕ್ಟಿವ್ ಕಡೆಗೇ ಹೋದೆ. ಹಿಂಬದಿಯ ಆಂಪ್ಲಿಫೈಯರ್ ತಟ್ಟೆಯನ್ನು ತಿರುಪು ಬಿಚ್ಚಿ ಇಡಿಯಾಗಿ ಬದಲಾಯಿಸಲು ಬರುತ್ತದೆಯೇ, ಬಿಡಿಭಾಗ ಇಲ್ಲಿ ಸಿಗುತ್ತದೆಯೇ ಎಂದು ಡೀಲರ್‌ಗಳನ್ನು ಮೊದಲೇ ಕೇಳಿ ಖಚಿತಪಡಿಸಿಕೊಂಡೆ.

ಇನ್ನು ಪೆಟ್ಟಿಗೆಯ ಬಗೆ. ತೂತಿರುವ ಪೋರ್ಟೆಡ್ ಸಬ್ ಅದೇ ವ್ಯಾಟಿಗೆ ಹೆಚ್ಚು ಗದ್ದಲ ಮಾಡುತ್ತದೆ, ಆದರೆ ತನ್ನ ಮಿತಿಯ ಕೆಳಗೆ ಆಕ್ಟೇವಿಗೆ, ಅಂದರೆ ಆವರ್ತನ ಅರ್ಧವಾದಾಗಲೆಲ್ಲ, 24 ಡೆಸಿಬಲ್ಲಿನಂತೆ ಥಟ್ಟನೆ ಬೀಳುತ್ತದೆ. ಮುಚ್ಚಿದ ಸೀಲ್ಡ್ ಪೆಟ್ಟಿಗೆ 12 ಡೆಸಿಬಲ್ಲಿನಂತೆ ನಿಧಾನವಾಗಿ ಇಳಿಯುತ್ತದೆ. ವಿದೇಶಿ ವಿಮರ್ಶೆಗಳಲ್ಲಿ ಸಿನಿಮಾಕ್ಕೆ ಪೋರ್ಟೆಡ್ಡೇ ಸರಿ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಮಾತನ್ನು ಇಲ್ಲಿಗೆ ಹಾಗೆಯೇ ತರುವ ಮೊದಲು ಗೋಡೆಗಳನ್ನು ನೋಡಬೇಕು. ಅಮೆರಿಕದ ಮನೆಗಳ ಗೋಡೆ ಬಹುಪಾಲು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು, ಕೆಳಗಿನ ಆವರ್ತನಗಳಿಗೆ ಅದು ತಾನೇ ಅದುರಿ ಒಂದಿಷ್ಟು ಬೇಸನ್ನು ನುಂಗಿಬಿಡುತ್ತದೆ. ನಮ್ಮದು ಕಾಂಕ್ರೀಟು ಮತ್ತು ಇಟ್ಟಿಗೆ, ನೆಲಕ್ಕೆ ವಿಟ್ರಿಫೈಡ್ ಟೈಲು. ಬೇಸ್ ಕೋಣೆಯೊಳಗೇ ಉಳಿಯುತ್ತದೆ, ಮುಚ್ಚಿದ ಸಣ್ಣ ಕೋಣೆ ತೀರಾ ಕೆಳಗಿನ ಆವರ್ತನಗಳನ್ನು ತಾನಾಗಿಯೇ ಎತ್ತಿಯೂ ಕೊಡುತ್ತದೆ. ಸೀಲ್ಡ್ ಪೆಟ್ಟಿಗೆಯ ನಿಧಾನದ ಇಳಿತವನ್ನು ಈ ಏರಿಕೆ ಸರಿದೂಗಿಸುವುದರಿಂದ ಹತ್ತು ಇಂಚಿನ ಸೀಲ್ಡ್ ಸಬ್ ನಮ್ಮ ನಡುಮನೆಗೆ ಸಾಕೆಂದು ನನಗೆ ತೋರಿತು. ಡೊಳ್ಳಿನ ಧ್ವನಿಮುದ್ರಣ ಹಾಕಿ ಎರಡು ಬಗೆಯನ್ನೂ ಕೇಳಿದಾಗ ಪೋರ್ಟೆಡ್‌ನಲ್ಲಿ ಪೆಟ್ಟು ದೊಡ್ಡದಾಗಿತ್ತು, ಸೀಲ್ಡ್‌ನಲ್ಲಿ ಪೆಟ್ಟು ಬಿದ್ದಲ್ಲೇ ನಿಲ್ಲುತ್ತಿತ್ತು. ಒಂದರ ಹಿಂದೊಂದು ವೇಗವಾಗಿ ಬೀಳುವ ಪೆಟ್ಟುಗಳಲ್ಲಿ ನನಗೆ ಎರಡನೆಯದೇ ಹಿತವೆನಿಸಿತು. ಸಿನಿಮಾದ ಗುಡುಗೇ ಮುಖ್ಯವೆನ್ನುವವರು ಮೊದಲನೆಯದನ್ನು ಆರಿಸಿದರೆ ನನ್ನ ತಕರಾರಿಲ್ಲ.

ಎಲ್ಲಿ ಇಡುವುದೆಂಬುದಕ್ಕೆ ಲೆಕ್ಕವೂ ಬೇಕಾಯಿತು, ಮೈಕೂ ಬೇಕಾಯಿತು. ನಮ್ಮ ನಡುಮನೆ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವುದರಿಂದ, ಎದುರುಬದುರು ಗೋಡೆಗಳ ನಡುವೆ ಅಲೆ ಸಿಕ್ಕಿಕೊಂಡು ನಿಂತುಬಿಡುವ ಮೊದಲ ಆವರ್ತನಗಳು ಉದ್ದಕ್ಕೆ 35, ಅಗಲಕ್ಕೆ 47, ಎತ್ತರಕ್ಕೆ 57 ಹರ್ಟ್ಸ್ ಆಸುಪಾಸು. ಹೀಗೆ ನಿಂತ ಅಲೆಯ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ನಟ್ಟನಡುವೆ ಬಹುತೇಕ ಸೊನ್ನೆ. ಪಕ್ಕದ ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಕೂರುವ ಅಪ್ಪಯ್ಯನಿಗೆ ಹಿನ್ನೆಲೆ ಸಂಗೀತ ಎದೆಗೆ ಗುದ್ದುತ್ತದೆಯೆಂದು ಅನಿಸುತ್ತಿದ್ದುದೂ, ಸೋಫಾದ ನಡುವೆ ಕೂರುವ ನನಗೆ ಅದು ಅರ್ಥವಾಗದಿದ್ದುದೂ ಆ 47ರ ದೆಸೆಯಿಂದಲೇ. ಹಳೆಯ ಸೆಟ್ಟಿನ ಸಬ್ ಮೂಲೆಯಲ್ಲಿತ್ತು. ಮೂಲೆಯೆಂದರೆ ಎಲ್ಲ ದಿಕ್ಕಿನ ಅಲೆಗಳನ್ನೂ ಒಟ್ಟಿಗೆ ಕೆರಳಿಸುವ ಜಾಗ. ಸಬ್ಬನ್ನು ಮುಂದಿನ ಗೋಡೆಯ ನಟ್ಟನಡುವೆ ಇಟ್ಟರೆ ಅಗಲದ ಅಲೆ ಏಳುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಸಬ್ ಬಾರಿನ ನೇರ ಕೆಳಗೇ ಬರುವುದರಿಂದ 100 ಹರ್ಟ್ಸಿನ ಕ್ರಾಸೋವರಿನಲ್ಲಿ ಅಲ್ಪಸ್ವಲ್ಪ ದಿಕ್ಕು ಗೊತ್ತಾದರೂ ಅದು ಟಿವಿಯ ದಿಕ್ಕೇ ಆಗಿರುತ್ತದೆ. ಗೋಡೆಗೆ ತೂಗಿದ ನಮ್ಮ ಟಿವಿ ಯೂನಿಟ್ಟಿನ ಕೆಳಗೆ ಹತ್ತಿಂಚಿನ ಸೀಲ್ಡ್ ಪೆಟ್ಟಿಗೆ ಸರಿಯಾಗಿ ಕೂರುತ್ತದೆ, ಹನ್ನೆರಡರ ಪೋರ್ಟೆಡ್ ಕೂರುವುದಿಲ್ಲ. ಉಳಿದಿದ್ದ ಸಣ್ಣ ಗೊಂದಲವೂ ಹೀಗೆ ಬಗೆಹರಿಯಿತು.

ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿ, ಸ್ನೇಹಿತನೊಬ್ಬನಿಂದ ಯುಮಿಕ್-1 ಮೈಕನ್ನು ಎರವಲು ತಂದು ಎರಡೂ ಜಾಗಗಳನ್ನು ಅಳೆದೆ. ಮೂಲೆಯಲ್ಲಿದ್ದಾಗ ಅಪ್ಪಯ್ಯನ ಕುರ್ಚಿಯಲ್ಲಿ 47ರ ಬಳಿ ಎದ್ದಿದ್ದ ದಿಬ್ಬ ನಡುವಿನ ಜಾಗದಲ್ಲಿ ಬಹುಮಟ್ಟಿಗೆ ಕರಗಿತ್ತು. ಉದ್ದದ 35ರ ದಿಬ್ಬ ಉಳಿಯಿತು, ಅದನ್ನು ರಿಸೀವರಿನ ಸರಿಪಡಿಕೆ ತಗ್ಗಿಸಿತು. ದಿಬ್ಬವನ್ನು ತಗ್ಗಿಸುವುದು ಇಕ್ವಲೈಸರಿಗೆ ಸುಲಭ. ಅಲೆಗಳು ಒಂದನ್ನೊಂದು ಅಳಿಸಿಕೊಂಡು ಉಂಟಾದ ಹಳ್ಳಕ್ಕೆ ಎಷ್ಟು ಶಕ್ತಿ ಸುರಿದರೂ ತುಂಬುವುದಿಲ್ಲ, ಅಲ್ಲಿ ಪೆಟ್ಟಿಗೆಯನ್ನೋ ಕುರ್ಚಿಯನ್ನೋ ಸರಿಸುವುದೊಂದೇ ದಾರಿ.

ಉಳಿದ ಕೆಲಸ ಬೇಗ ಮುಗಿಯಿತು. ಆರು ಎಳೆಗಳ 16 ಗೇಜಿನ ತಾಮ್ರದ ವೈರನ್ನು ಕರೆಂಟಿನ ಪೈಪಿನಲ್ಲಿ ತೂರಿಸದೆ ಪ್ರತ್ಯೇಕ ಪೈಪಿನಲ್ಲಿ ಎಳೆಸಿದೆ. ಸಬ್ಬಿನ ಹಿಂದಿನ ಕ್ರಾಸೋವರ್ ತಿರುಗಣೆಯನ್ನು ಅತಿ ಮೇಲಕ್ಕೆ ತಿರುಗಿಸಿ, ವಿಂಗಡಿಸುವ ಕೆಲಸವನ್ನು ರಿಸೀವರಿಗೇ ಬಿಟ್ಟೆ. ಎರಡೂ ಕಡೆ ಶೋಧಿಸಿದರೆ ಸೇರುವ ಜಾಗದಲ್ಲಿ ಹಳ್ಳ ಬೀಳುತ್ತದೆ. ಸಬ್ಬಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿಗಳ ನಡುವೆ ಬದಲಿಸುತ್ತ, 100 ಹರ್ಟ್ಸಿನ ಶಬ್ದ ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದರಲ್ಲಿ ನಿಲ್ಲಿಸಿದೆ. ರಿಸೀವರ್ ಅಳೆದ ಸಬ್ಬಿನ ದೂರ ಟೇಪಿನ ಅಳತೆಗಿಂತ ಹೆಚ್ಚಿತ್ತು. ಸಬ್ಬಿನೊಳಗಿನ ಎಲೆಕ್ಟ್ರಾನಿಕ್ಸ್ ತಡಮಾಡುವುದನ್ನೂ ಅದು ದೂರವಾಗಿಯೇ ಎಣಿಸುವುದರಿಂದ ಆ ಅಂಕಿಯನ್ನು ಮುಟ್ಟಲಿಲ್ಲ. ಸಣ್ಣಗೆ ಗುಂಯ್‌ಗುಡುವ ಹಮ್ ಇತ್ತು. ಕೇಬಲ್ ಟಿವಿಯ ವೈರು ಕಳಚಿದಾಗ ಅದು ನಿಂತಿತು, ಅಂದರೆ ಎರಡು ಕಡೆಯ ಅರ್ತಿಂಗ್ ಬೇರೆಬೇರೆಯಿತ್ತು. ಕೇಬಲ್ಲಿನವನಿಂದ ಒಂದು ಐಸೊಲೇಟರ್ ಹಾಕಿಸಿದ ಮೇಲೆ ಮತ್ತೆ ಬರಲಿಲ್ಲ.

ಈ ಏರ್ಪಾಟಿನಲ್ಲಿ ಬಿಟ್ಟುಕೊಟ್ಟದ್ದೂ ಇದೆ. ಬಾರಿನೊಳಗಿನ ಎಡ ಮತ್ತು ಬಲ ಸ್ಪೀಕರ್‌ಗಳ ನಡುವೆ ಇರುವುದು ಸುಮಾರು 1.1 ಮೀಟರ್. ಸೋಫಾದಿಂದ ನೋಡಿದರೆ ಅವೆರಡರ ನಡುವಿನ ಕೋನ 20 ಡಿಗ್ರಿಯಷ್ಟೇ, ಡಾಲ್ಬಿಯವರು ಹೇಳುವುದು 45ರಿಂದ 60. ಸಂಗೀತ ಕೇಳುವಾಗ ತಂಬೂರಿ, ಪಿಟೀಲು, ಮೃದಂಗಗಳು ಒಂದಕ್ಕೊಂದು ಭುಜ ತಾಗಿಸಿ ಕೂತಂತೆ ಕೇಳುತ್ತದೆ. ಬೇರೆ ಬೇರೆ ಸ್ಪೀಕರ್‌ಗಳು ಕೊಡುವ ವಿಸ್ತಾರ ಬಾರಿನಿಂದ ಬರಲಾರದು, ಬರುತ್ತದೆಂದು ಹೇಳುವ ಜಾಹೀರಾತನ್ನು ನಾನು ನಂಬುವುದಿಲ್ಲ. ಕಚೇರಿ ಕೇಳಬೇಕೆನಿಸಿದಾಗ ನಾನು ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಹಿಂಬದಿಯ ಸರೌಂಡ್ ಸ್ಪೀಕರ್‌ಗಳಿಗೆ ಪೈಪು ಹಾಕಿಸಿಟ್ಟಿದ್ದೇನೆ, ಅವಸರವಿಲ್ಲ.

ಕೆಳಗಿನ ಮನೆಯವರ ವಿಷಯ ಕೊನೆಗೆ ಉಳಿದಿತ್ತು. ಸಬ್ಬಿನ ಕಾಲಡಿಗೆ ರಬ್ಬರ್ ಮೆತ್ತೆ ಹಾಕಿದರೆ ಟೈಲು, ಶೋಕೇಸಿನ ಗಾಜು ಅದುರುವುದು ನಿಲ್ಲುತ್ತದೆ. ಗಾಳಿಯ ಮೂಲಕ ಸ್ಲ್ಯಾಬಿಗೆ ತಾಗುವ ಬೇಸನ್ನು ಅದು ತಡೆಯುವುದಿಲ್ಲ. ಹೆಂಡತಿಗೆ ಮೇಲೆ ಡೊಳ್ಳು ಹಾಕಲು ಹೇಳಿ, ಕೆಳಗಿನ ಮನೆಯ ಹಾಲಿನಲ್ಲಿ ಅವರೊಡನೆಯೇ ನಿಂತು ಕೇಳಿದೆ. ಹಗಲಿನ ಸದ್ದಿನಲ್ಲಿ ಅದು ಲೆಕ್ಕಕ್ಕೆ ಬರುವಂತಿರಲಿಲ್ಲ, ಆದರೂ ಮನೆಯಾಕೆ "ರಾತ್ರಿ ಇದೇ ದೊಡ್ಡದಾಗಿ ಕೇಳ್ಸುತ್ತೆ, ನೋಡ್ಕೊಳಿ" ಎಂದರು. ಶಬ್ದ ಮಾಲಿನ್ಯದ ನಿಯಮಗಳಲ್ಲಿ ರಾತ್ರಿಯೆಂದರೆ 10ರಿಂದ ಬೆಳಗಿನ 6. ಅದೇ ಹೊತ್ತಿಗೆಂದು ರಿಸೀವರಿನಲ್ಲಿ ಇನ್ನೊಂದು ಸೆಟ್ಟಿಂಗ್ ಉಳಿಸಿದ್ದೇನೆ. ಅದರಲ್ಲಿ ಸಬ್ ಆರು ಡೆಸಿಬಲ್ ಕಡಿಮೆ, ಜೋರು ಮತ್ತು ಮೆಲುದನಿಗಳ ಅಂತರ ಕುಗ್ಗಿಸುವ ನೈಟ್ ಮೋಡ್ ಚಾಲೂ, ಸೆಂಟರ್ ಚಾನೆಲ್ ಎರಡು ಡೆಸಿಬಲ್ ಹೆಚ್ಚು. ಮಾತು ಸ್ಪಷ್ಟವಾಗಿರುವುದರಿಂದ ಅಪ್ಪಯ್ಯ ಹಗಲಲ್ಲೂ ಅದನ್ನೇ ಹಾಕಿಕೊಳ್ಳುತ್ತಾರೆ.